ಹೆಸರಿಗಿಂತ ಮೊದಲು

ಗಜೇಂದ್ರಗಡದ ಗುಡ್ಡದ ಮೇಲೆ ಗಾಡಿ ಏರಿಸುತ್ತ ಕನಕಪ್ಪ ತುಟಿಯಲ್ಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಓಂಬ್ರೆ ಪೋಬ್ರೆ ಅಂದರೆ ದುಡ್ಡಿಲ್ಲದ ಮನುಷ್ಯ. ಅದನ್ನೇ ತಿರುವಿಹಾಕಿ ಪೋಬ್ರೆ ಓಂಬ್ರೆ ಅಂದರೆ ಅಯ್ಯೋ ಪಾಪ ಎಂದು ಮರುಗುವ ಮಾತು. ಆ ಬಡಪಾಯಿಗೆ ಇಪ್ಪತ್ತು ಎಕರೆ ಎರೆಹೊಲ ಇದ್ದರೂ ಇರಬಹುದು. ಅಮೀಗೊ ವಿಯೇಖೊ ಅಂದರೆ ವಯಸ್ಸಾದ ಗೆಳೆಯ, ವಿಯೇಖೊ ಅಮೀಗೊ ಅಂದರೆ ಬಹಳ ಕಾಲದ ಗೆಳೆಯ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿಯುವ ಹಣೆಬರಹ ಬಂದವನಿಗೆ ಕ್ರಿಯಾಪದಗಳಿಗಿಂತ ಹೆಚ್ಚು ಕಾಡಿದ್ದು ಈ ಗುಣವಾಚಕಗಳೇ. ಕನ್ನಡದಲ್ಲಿ ಈ ರಗಳೆ ಇಲ್ಲ. ಗುಣ ಮೊದಲು, ಹೆಸರು ಆಮೇಲೆ. ಕರಿ ಎತ್ತು, ಹಸಿ ಮೆಣಸಿನಕಾಯಿ, ಹಳೇ ಬಾವಿ. ಬಾವಿ ಎಂಬ ಮಾತು ನಾಲಿಗೆಗೆ ಬಂದದ್ದೇ ಅವನು ಪಾಠ ನಿಲ್ಲಿಸಿದ. ಹನ್ನೊಂದು ಗಂಟೆಗೆ ಆಗಲಿರುವುದನ್ನು ನೆನೆಯಬಾರದೆಂದೇ ಇಷ್ಟು ಹೊತ್ತು ಬಾಯಿಪಾಠ ಮಾಡುತ್ತಿದ್ದೆನೆಂದು ಅವನಿಗೆ ಗೊತ್ತಾಯಿತು.

ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಸುತ್ತಲಿನ ಜನ ಫ್ಯಾನು ಎನ್ನುತ್ತಾರೆ. ಅವುಗಳನ್ನು ನೋಡಿಕೊಳ್ಳುವ ಕಂಪನಿಯ ಆಫೀಸಿನಲ್ಲಿ ಕನಕಪ್ಪ ಹನ್ನೆರಡು ವರ್ಷದಿಂದ ಗುಮಾಸ್ತ. ಹಳೆಯ ಫ್ಯಾನುಗಳ ಗೇರು ಬದಲಿಸಲು ಸ್ಪೇನಿನಿಂದ ಇಂಜಿನಿಯರ್ ಬರುತ್ತಾರೆಂದು ಗೊತ್ತಾದಾಗ ಕಂಪನಿ ಅವನಿಗೆ ಒಂದು ವರ್ಷ ಫೋನಿನಲ್ಲೇ ಪಾಠ ಹೇಳಿಸಿತು. ಬಂದದ್ದು ಇನೆಸ್ ಎಂಬ ಐವತ್ತರ ಹೆಂಗಸು, ಕೂಲಿಯವರ ಬಾಯಲ್ಲಿ ಇನೆಸ್ ಬಾಯಿ. ಆಕೆಯ ಇಂಗ್ಲಿಷು ಅವನ ಇಂಗ್ಲಿಷಿನಷ್ಟೇ ಕುಂಟು, ಆದ್ದರಿಂದ ಮಾತೆಲ್ಲ ಸ್ಪ್ಯಾನಿಷಿನಲ್ಲೇ. ಆಕೆ ಬಂದ ದಿನ ಸ್ವಾಗತದ ಫಲಕದ ಮೇಲೆ ಅವನು 'ಮಹಾನ್ ಇಂಜಿನಿಯರ್' ಎಂದು ಬರೆಯಲು ಹೋಗಿ, ಮೊದಲು ಬರಬೇಕಾದ ಮಾತನ್ನು ಆಮೇಲೆ ಹಾಕಿ, 'ದೊಡ್ಡ ಗಾತ್ರದ ಇಂಜಿನಿಯರ್' ಎಂದು ಬರೆದುಬಿಟ್ಟಿದ್ದ. ಆಕೆ ನಿಜಕ್ಕೂ ದಪ್ಪಗಿದ್ದಳು. ಬಹಳ ಹೊತ್ತು ನಕ್ಕು, ಫಲಕದ ಫೋಟೊ ತೆಗೆದು ತನ್ನ ಊರಿಗೆ ಕಳಿಸಿದ್ದಳು. ಆ ನಗುವಿನಲ್ಲಿ ಕೆಡುಕೇನೂ ಇರಲಿಲ್ಲ, ಆದರೂ ಅವನಿಗೆ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಅಂದಿನಿಂದ ದಿನಾ ಚಹಾದ ಹೊತ್ತಿಗೆ ಆಕೆಯೇ ಅವನಿಗೆ ಪಾಠ ಹೇಳತೊಡಗಿದಳು. ಹೆಸರಿನ ನಂತರ ಬಂದ ಗುಣ ಗುಂಪಿನಲ್ಲಿ ಒಂದನ್ನು ಬೇರೆ ಮಾಡಿ ತೋರಿಸುತ್ತದೆ, ಬಿಳಿಯ ಮನೆ, ಕೆಂಪನೆಯದಲ್ಲ ಎಂಬಂತೆ. ಹೆಸರಿಗಿಂತ ಮೊದಲು ಬಂದ ಗುಣ ಹೊಸದೇನನ್ನೂ ಹೇಳುವುದಿಲ್ಲ, ಅದು ಹುಟ್ಟಿನಿಂದಲೇ ಇತ್ತೆಂದು ಎಲ್ಲರೂ ಒಪ್ಪಿಕೊಂಡು ಆಡುವ ಮಾತು, ಬಿಳಿಯ ಹಿಮ ಅಂದ ಹಾಗೆ. ಯಾರೂ ಅದನ್ನು ಪರೀಕ್ಷೆ ಮಾಡಲು ಹೋಗುವುದಿಲ್ಲ ಎಂದಿದ್ದಳು. ಆಗ ಕನಕಪ್ಪನ ಕಣ್ಣು ತಾನಾಗಿಯೇ ಕಿಟಕಿಯ ಹೊರಗೆ, ಫ್ಯಾನಿನ ಬುಡದಲ್ಲಿ ಹಗ್ಗ ಸುತ್ತುತ್ತ ಕೂತಿದ್ದ ತನ್ನೂರಿನ ಹೊಳಿಯಪ್ಪನ ಕಡೆ ಹೋಗಿತ್ತು. ಚಹಾ ಆರಿಹೋಗಿತ್ತು.

ಆ ಕೆಲಸದಲ್ಲಿ ಹೊಳಿಯಪ್ಪ ಎಂಬ ಹೆಸರಿನವರು ಮೂವರಿದ್ದರು. ಮೂವರಿದ್ದ ಮೇಲೆ ಹೆಸರಿಗೊಂದು ಗುರುತು ಬೇಕೇ ಬೇಕು. ಈ ಕಡೆಯ ಹಳ್ಳಿಗಳಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ತೊಟ್ಟಿಲಿನಲ್ಲಿ ಮುಗಿಯುತ್ತದೆ, ಜನ ಇಟ್ಟದ್ದು ಸುಡುಗಾಡಿನವರೆಗೆ ಬರುತ್ತದೆ. ಜಕ್ಕಲಿಯವನು ಕೆಂಪ ಹೊಳಿಯಪ್ಪ, ಇಟಗಿಯವನು ಗಿಡ್ಡ ಹೊಳಿಯಪ್ಪ, ಕನಕಪ್ಪನ ಊರಾದ ಅಬ್ಬಿಗೇರಿಯವನು ಕಳ್ಳ ಹೊಳಿಯಪ್ಪ. ಹಾಗೆಂದು ಕರೆಯುವವರ ಮನಸ್ಸಿನಲ್ಲಿ ಈಗ ಬೈಗುಳವೂ ಉಳಿದಿರಲಿಲ್ಲ. ಇನೆಸ್ ಹೆಲ್ಮೆಟ್ಟುಗಳಿಗೆ ಹೆಸರು ಅಂಟಿಸುವಾಗ ಇವೆಲ್ಲ ಹೆಸರುಗಳೇ ಎಂದುಕೊಂಡು ಅಬ್ಬಿಗೇರಿಯವನ ಹೆಲ್ಮೆಟ್ಟಿನ ಮೇಲೆ ಕಳ್ಳ ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಅಂಟಿಸಿದಳು. ತನ್ನ ದೇಶದ ಮರ್ಯಾದೆಯಂತೆ ಸೆನ್ಯೋರ್ ಕಳ್ಳ ಎಂದು ಕರೆದಳು. ಜನ ಒಂದು ವಾರ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಅದೂ ರೂಢಿಯಾಯಿತು. ಅಂಟಿಸುವ ಮೊದಲು ಆಕೆ ಪಟ್ಟಿಯನ್ನು ಕನಕಪ್ಪನಿಗೆ ತೋರಿಸಿ ಸರಿಯಿದೆಯೇ ಎಂದು ಕೇಳಿದ್ದಳು. ಅವನು ಸರಿಯಿದೆ ಎಂದಿದ್ದ. ಆ ಮಾತಿನ ಅರ್ಥ ಹೇಳಿದರೆ ಅದು ಹೇಗೆ ಬಂತು ಎಂದು ಕೇಳುತ್ತಾಳೆ, ನಿಜವಾಗಿ ಹೇಗೆ ಬಂತೆಂದು ಈ ಭೂಮಿಯ ಮೇಲೆ ಬಲ್ಲವರು ಇಬ್ಬರೇ.

ಸೋಮವಾರ ಉಗ್ರಾಣದಿಂದ ತಾಮ್ರದ ಕೇಬಲ್ಲಿನ ಒಂದು ಸುರುಳಿ ಕಾಣೆಯಾಗಿತ್ತು. ನರಗುಂದದ ಕಡೆಯ ಫ್ಯಾನುಗಳಿಗೆ ಹೋಗಿರಬಹುದೆಂದು ಅಲ್ಲಿಯೂ ಹುಡುಕಿಸಿದ್ದಾಯಿತು. ಗುರುವಾರ, ಅಂದರೆ ಇವತ್ತು, ಮಧ್ಯಾಹ್ನದೊಳಗೆ ಇನೆಸ್ ವರದಿ ಕಳಿಸಬೇಕು, ವರದಿಯಲ್ಲಿ ಯಾರ ಮೇಲೆ ಸಂಶಯವಿದೆಯೋ ಅವರ ಗೇಟ್ ಪಾಸು ರದ್ದು, ಆಮೇಲೆ ಪೊಲೀಸರು. ಕೂಲಿಯವರನ್ನು ತಂದುಕೊಡುವ ಗುತ್ತಿಗೆದಾರ ದ್ಯಾಮಪ್ಪ ಪೊಲೀಸರ ಮಾತು ಬೇಡ ಎಂದ. ಇಟಗಿಯ ಭೀಮವ್ವನ ಗುಡಿಯಿಂದ ವಿಭೂತಿ ತರುತ್ತೇನೆ, ಎಲ್ಲರೂ ಮುಟ್ಟಿ ಆಣೆ ಮಾಡಲಿ, ಮುಟ್ಟದವನು ಯಾರೋ ಅವನೇ ಎಂದ. ಇನೆಸ್ ಮೊದಲು ಒಪ್ಪಲಿಲ್ಲ. ಆಮೇಲೆ, ಲಾಠಿಗಿಂತ ಬೂದಿ ವಾಸಿ ಎಂದಳು. ಈ ಮಾತುಗಳನ್ನೆಲ್ಲ ಅತ್ತಿಂದಿತ್ತ ಹೇಳುತ್ತ ನಡುವೆ ನಿಂತಿದ್ದ ಕನಕಪ್ಪನಿಗೆ ಆಣೆ ಎಂಬುದಕ್ಕೆ ಸ್ಪ್ಯಾನಿಷ್ ಶಬ್ದ ಎಷ್ಟು ಲಗುಬಗೆಯಿಂದ ಬಾಯಿಗೆ ಬಂತೆಂದರೆ ಅವನೇ ಬೆಚ್ಚಿದ. ಪಾಠದಲ್ಲಿ ಆ ಶಬ್ದವನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಯಾವಾಗಲೋ ಹುಡುಕಿ ಇಟ್ಟುಕೊಂಡಿದ್ದ.

ಗಾಡಿ ನಿಲ್ಲಿಸಿದಾಗ ಗಾಳಿ ಅಂಗಿಯನ್ನು ಬೆನ್ನಿಗೆ ಅಂಟಿಸಿತು. ಬೇಡವೆಂದರೂ ಹಳೆಯ ಕೈಗಡಿಯಾರವೊಂದು ನೆನಪಿಗೆ ಬಂತು; ಅದಕ್ಕೆ ಚರ್ಮದ ಪಟ್ಟಿ ಇತ್ತು, ಬೆವರಿನ ವಾಸನೆ ಇತ್ತು. ಇಪ್ಪತ್ತಾರು ವರ್ಷದ ಹಿಂದೆ, ಅಬ್ಬಿಗೇರಿಯಲ್ಲಿ, ಗೌಡರ ಹೊಲದ ಪಂಪ್‌ಸೆಟ್ಟಿನ ಕೋಣೆಯ ಮೊಳೆಗೆ ಅದನ್ನು ತೂಗುಹಾಕಿ ಗೌಡರ ಅಳಿಯ ಬಾವಿಯ ನೀರಿನಲ್ಲಿ ಸ್ನಾನಕ್ಕಿಳಿದಿದ್ದ. ಮೆಣಸಿನಕಾಯಿ ಬಿಡಿಸಲು ಬಂದ ಐದು ಜನರಲ್ಲಿ ಕನಕಪ್ಪ, ಹೊಳಿಯಪ್ಪ ಇಬ್ಬರೂ ಹದಿನೆಂಟರವರು, ರೋಣದ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದವರು. ಕನಕಪ್ಪ ಮಾರಬೇಕೆಂದು ಅದನ್ನು ತೆಗೆದದ್ದಲ್ಲ. ಕೈಗೆ ಕಟ್ಟಿದರೆ ಹೇಗೆ ಕಾಣುತ್ತದೆಂದು ನೋಡಬೇಕಿತ್ತು, ಅಷ್ಟೇ. ಮರುದಿನ ಅಂಗಿಯ ತೋಳನ್ನು ಬೆರಳಿನವರೆಗೆ ಇಳಿಸಿಕೊಂಡು ರೋಣದವರೆಗೆ ಬಸ್ಸಿನಲ್ಲಿ ನಿಂತೇ ಹೋದ, ಯಾರಿಗೂ ತೋರಿಸಲಾಗದ ಗಡಿಯಾರದಲ್ಲಿ ಒಮ್ಮೆಯೂ ವೇಳೆ ನೋಡಲಾಗಲಿಲ್ಲ. ಸಂಜೆ ತಿರುಗಿ ಬಂದು ಹೊಲದ ಹಳೇ ಬಾವಿಗೆ ಅದನ್ನು ಎಸೆದ. ನೀರಿನ ಸದ್ದು ಕೇಳಿ ತಿರುಗಿದರೆ ಬಾವಿಯ ಆಚೆ ದಂಡೆಯ ಮೇಲೆ ಹೊಳಿಯಪ್ಪ ಎಮ್ಮೆಗೆ ನೀರು ಸೇದುತ್ತ ನಿಂತಿದ್ದ.

ಆಗಲೂ ಹೀಗೆಯೇ ಭೀಮವ್ವನ ವಿಭೂತಿ ತಂದಿದ್ದರು. ಚಾವಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿ, ತಾಟಿನಲ್ಲಿ ವಿಭೂತಿ ಇಟ್ಟು, ಹಿರಿಯರು ಆಣೆಯ ಮಾತನ್ನು ಹೇಳಿಕೊಟ್ಟರು: ನಾನು ತಗೊಂಡಿಲ್ಲ, ತಗೊಂಡವರನ್ನು ಕಂಡೂ ಇಲ್ಲ. ಕನಕಪ್ಪ ಎರಡನೆಯವನಾಗಿ ಮುಟ್ಟಿದ. ಬೆರಳು ಸುಡಲಿಲ್ಲ, ನಾಲಿಗೆ ಬೀಳಲಿಲ್ಲ, ವಿಭೂತಿ ಬರೀ ತಣ್ಣಗಿತ್ತು. ಹೊಳಿಯಪ್ಪ ಕೊನೆಯವನು. ಆಣೆಯ ಮೊದಲರ್ಧವನ್ನು ಅವನು ಧಾರಾಳವಾಗಿ ಹೇಳಬಹುದಿತ್ತು, ಎರಡನೆಯ ಅರ್ಧವನ್ನು ಹೇಳುವಂತಿರಲಿಲ್ಲ. ಕಂಡಿದ್ದನಲ್ಲ. ಸುಳ್ಳು ಆಣೆ ಮಾಡಲಾರ, ಗೆಳೆಯನ ಹೆಸರನ್ನೂ ಹೇಳಲಾರ. ಕೈ ಹಿಂದಕ್ಕೆ ಕಟ್ಟಿಕೊಂಡು, ನಾ ಮುಟ್ಟಂಗಿಲ್ಲ ಎಂದುಬಿಟ್ಟ. ಅವತ್ತೇ ಊರು ಅವನ ಹೆಸರಿಗಿಂತ ಮೊದಲು ಆ ಮಾತನ್ನು ಇಟ್ಟಿತು. ಕನಕಪ್ಪ ಆ ಗುಂಪಿನ ನಡುವೆ ನಿಂತು, ಎಲ್ಲರ ಜೊತೆ ತಾನೂ ಒಮ್ಮೆ, ಮೆಲ್ಲಗೆ, ಹಾಗೆ ಕರೆದು ನೋಡಿದ್ದ. ಅದೊಂದನ್ನು ನೆನೆದರೆ ಅವನಿಗೆ ಇವತ್ತಿಗೂ ಮೈಮೇಲೆ ಚೇಳು ಹರಿದಂತಾಗುತ್ತದೆ. ಗಡಿಯಾರ ಕದ್ದದ್ದಕ್ಕಿಂತ ಅದು ದೊಡ್ಡದು.

ಹೊಳಿಯಪ್ಪನ ತಾಯಿ ಫಕೀರವ್ವ ಆಮೇಲಿನ ವರ್ಷಗಳಲ್ಲಿ ಅಮಾವಾಸ್ಯೆಗೊಮ್ಮೆ ಇಟಗಿಗೆ ನಡೆದು ಹೋಗತೊಡಗಿದಳು. ಮಗನ ತಪ್ಪಿಗೆ ಕಾಯಿ ಒಡೆಸಿ ಬರಲು. ಕನಕಪ್ಪ ಕೆಲಸಕ್ಕೆ ಸೇರಿ ಮೊದಲ ಗಾಡಿ ಕೊಂಡ ಹೊಸದರಲ್ಲಿ ಒಮ್ಮೆ ಬಿಸಿಲಲ್ಲಿ ಹೋಗುತ್ತಿದ್ದ ಮುದುಕಿಯನ್ನು ಕಂಡು, ಯಾರೆಂದು ಗೊತ್ತಾಗುವ ಮೊದಲೇ ನಿಲ್ಲಿಸಿಬಿಟ್ಟಿದ್ದ. ಆಕೆ ಹಿಂದೆ ಕೂತು ಅವನ ಬೆನ್ನಿಗೆ ಕೈಯಿಟ್ಟುಕೊಂಡಿದ್ದಳು. ಇಳಿಯುವಾಗ, ನನ್ನ ಮಗಾನೂ ನಿನ್ನಂಗ ಆಗಿದ್ರ ಎಷ್ಟ ಚಲೋ ಇತ್ತಪಾ ಎಂದು ಅವನ ಗಲ್ಲ ಮುಟ್ಟಿ ಲಟಿಕೆ ಮುರಿದಿದ್ದಳು. ಅವನು ಅಲ್ಲಿಂದ ಗಾಡಿಯನ್ನು ಎಲ್ಲಿಗೆ ಓಡಿಸಿದನೆಂಬುದು ಅವನಿಗೇ ನೆನಪಿಲ್ಲ. ಎರಡು ವರ್ಷದ ಹಿಂದೆ ದ್ಯಾಮಪ್ಪನಿಗೆ ಶಿಫಾರಸು ಮಾಡಿ ಹೊಳಿಯಪ್ಪನಿಗೆ ಹಗ್ಗ ಹಿಡಿಯುವ ಈ ಕೆಲಸ ಕೊಡಿಸಿದ್ದು ಅವನೇ, ಅದರಿಂದ ಎಲ್ಲ ಸರಿಹೋಯಿತೆಂದು ನಂಬಲು ನೋಡಿದ್ದ. ಹೊಳಿಯಪ್ಪ ಕೃತಜ್ಞತೆ ಹೇಳಲಿಲ್ಲ, ದ್ವೇಷವನ್ನೂ ತೋರಲಿಲ್ಲ. ಕನಕಪ್ಪಾರ, ಬರ್ರಿ, ಕುಂಡ್ರಿ ಎನ್ನುತ್ತಿದ್ದ, ಎಲ್ಲರಿಗೂ ಅನ್ನುವ ಹಾಗೆ. ಒಂದು ಬಾರಿ ಮುಖಕ್ಕೆ ಉಗುಳಿದ್ದರೆ ಎಷ್ಟು ಸುಖವಾಗುತ್ತಿತ್ತು ಎಂದು ಕನಕಪ್ಪನಿಗೆ ಅನ್ನಿಸುತ್ತಿತ್ತು.

ಹನ್ನೊಂದಕ್ಕೆ ಎಲ್ಲರೂ ದೊಡ್ಡ ಫ್ಯಾನಿನ ಬುಡದಲ್ಲಿ ಸೇರಿದರು. ದ್ಯಾಮಪ್ಪ ಸ್ನಾನ ಮಾಡಿ ಹಣೆಗೆ ಪಟ್ಟೆ ಬಳಿದುಕೊಂಡು ಬಂದಿದ್ದ. ಸ್ಟೀಲಿನ ತಾಟಿನಲ್ಲಿ ವಿಭೂತಿ, ಗಾಳಿಗೆ ಹಾರದಂತೆ ಮೇಲೊಂದು ಬಟ್ಟಲು ಬೋರಲು ಹಾಕಿದ್ದ. ಇನೆಸ್ ಕುರ್ಚಿಯ ಮೇಲೆ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು; ವರದಿಯ ಹಾಳೆ ತೆರೆದೇ ಇತ್ತು, ಹೆಸರು ಬರೆಯುವ ಜಾಗ ಖಾಲಿ ಇತ್ತು. ಆಫೀಸಿನವರೇ ಮೊದಲು ಮುಟ್ಟಿದರೆ ಉಳಿದವರಿಗೆ ಧೈರ್ಯ ಎಂದು ದ್ಯಾಮಪ್ಪ ತಾಟನ್ನು ಕನಕಪ್ಪನ ಕಡೆ ಚಾಚಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ತನ್ನನ್ನು ನೋಡಿಯೇ ಹುಟ್ಟಿರಬೇಕು ಅನ್ನಿಸಿತು ಅವನಿಗೆ. ಈ ಸಲದ ಆಣೆ ಖರೇ ಇತ್ತು, ಕೇಬಲ್ಲನ್ನು ಅವನು ಕಣ್ಣಿನಿಂದಲೂ ಕಂಡಿರಲಿಲ್ಲ. ಆದರೂ ಕೈ ತಾಟಿನ ಅಂಚಿಗೆ ಬಂದು ನಿಂತಿತು. ಸುಳ್ಳು ಹೇಳಿದಾಗ ಎಲ್ಲೂ ನಿಲ್ಲದೆ ಹೋಗಿದ್ದ ಕೈ. ಮುಟ್ಟಿದ, ಮಾತು ಹೇಳಿದ, ಪಕ್ಕಕ್ಕೆ ಸರಿದ. ಒಬ್ಬೊಬ್ಬರೇ ಬಂದರು. ಕೆಂಪ ಹೊಳಿಯಪ್ಪ ಕಣ್ಣು ಮುಚ್ಚಿ ಮುಟ್ಟಿದ, ಗಿಡ್ಡ ಹೊಳಿಯಪ್ಪ ಮುಟ್ಟಿ ಹಣೆಗೂ ಹಚ್ಚಿಕೊಂಡ. ಕೊನೆಗೆ ಉಳಿದವನು ಒಬ್ಬನೇ. ಅವನು ತಾಟಿನ ಮುಂದೆ ಬಂದು, ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಹಿಡಿದುಕೊಂಡು ನಿಂತ.

“ನಾ ಮುಟ್ಟಂಗಿಲ್ರಿ,” ಎಂದ ಹೊಳಿಯಪ್ಪ.

ಯಾರೋ ಹಿಂದಿನಿಂದ ಹ್ಞಾ ಎಂದರು, ಮೊದಲೇ ಗೊತ್ತಿತ್ತು ಎಂಬಂತೆ. ದ್ಯಾಮಪ್ಪ ಸಿಟ್ಟಾಗಲಿಲ್ಲ, ಅವನಿಗೆ ಬೇಜಾರಾದಂತೆ ಕಂಡಿತು. ಕೇಬಲ್ ನೀ ತಗೊಂಡಿಲ್ಲಂದ್ರ ಮುಟ್ಟಾಕೇನು ಎಂದು ಕೇಳಿದ.

“ತಗೊಂಡಿಲ್ರಿ. ಆದ್ರ ಅವತ್ತ ಊರಾಗ ಮುಟ್ಟಲಿಲ್ಲ ನಾ. ಇವತ್ತ ಮುಟ್ಟಿದೆ ಅಂದ್ರ, ಅವತ್ತ ನಾ ಕಳವು ಮಾಡಿದ್ದಕ್ಕs ಮುಟ್ಟಲಿಲ್ಲ ಅಂತ ಪಕ್ಕಾ ಆಗತೈತಿ. ಬ್ಯಾಡ್ರಿ. ಪಾಸ್ ಬೇಕಾದ್ರ ತಗೋರಿ.”

ಇಪ್ಪತ್ತಾರು ವರ್ಷ ಮನುಷ್ಯನೊಬ್ಬ ಈ ಒಂದೇ ಗೂಟಕ್ಕೆ ತನ್ನನ್ನು ಕಟ್ಟಿಕೊಂಡು ನಿಂತಿದ್ದ. ಆ ಗೂಟ ಬಡಿದವನು ತಾನು ಎಂಬುದು ಕನಕಪ್ಪನಿಗೆ ಆಗ ಗೊತ್ತಾಯಿತು. ಹೊಳಿಯಪ್ಪ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಬೇಡಿಕೊಂಡಂತಾಗುತ್ತಿತ್ತು, ಅದಕ್ಕೇ ನೋಡುತ್ತಿಲ್ಲ. ಏನು ಹೇಳಿದ ಎಂದು ಇನೆಸ್ ಕೇಳಿದಳು. ಮುಟ್ಟುವುದಿಲ್ಲವಂತೆ ಎಂದಷ್ಟೇ ಕನಕಪ್ಪ ಹೇಳಿದ. ಆಕೆ ಗಡಿಯಾರ ನೋಡಿದಳು, ಪರದೆ ನೋಡಿದಳು, ಬೆರಳುಗಳನ್ನು ಅಕ್ಷರಗಳ ಮೇಲಿಟ್ಟು ತಡೆದಳು. ಆಮೇಲೆ ಮೆತ್ತಗೆ, ನೀನು ಅವನ ಊರಿನವನು, ನಿನ್ನ ಮಾತನ್ನು ನಾನು ನಂಬುತ್ತೇನೆ, ಸೆನ್ಯೋರ್ ಕಳ್ಳ ಇದನ್ನು ಮಾಡಿದನೇ ಎಂದು ಕೇಳಿದಳು. ಇಲ್ಲ ಎಂದ ಕನಕಪ್ಪ. ನಿನಗೆ ಹೇಗೆ ಗೊತ್ತು ಎಂದಳು.

ಉತ್ತರ ಅವನ ಬಾಯಿಂದ ಸ್ಪ್ಯಾನಿಷಿನಲ್ಲೇ ಬಂತು. ಕಳ್ಳ ಎಂಬುದು ಅವನ ಹೆಸರಲ್ಲ, ಊರವರು ಇಟ್ಟದ್ದು, ಅದರ ಅರ್ಥ ಲದ್ರೋನ್. ಆದರೆ ಹಿಂದೆ ಊರಿನಲ್ಲಿ ಆ ಗಡಿಯಾರ ಕದ್ದವನು ನಾನು. ಎಲ್ ಲದ್ರೋನ್ ಸೊಯ್ ಯೊ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಹೇಳಿದ ಕೂಡಲೇ ಎದೆ ಹಗುರವಾಯಿತು, ಇಷ್ಟು ಸುಲಭವಿತ್ತೇ ಇದು ಎಂದು ಆಶ್ಚರ್ಯವಾಯಿತು. ಇನೆಸ್ ಕಣ್ಣು ಅಗಲಿಸಿ ಅವನನ್ನೇ ನೋಡುತ್ತಿದ್ದಳು. ಸುತ್ತ ನಿಂತ ಹದಿನಾರು ಜನರ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಅವರ ಪಾಲಿಗೆ ಅವನು ಬಾಯಿಯವರ ಕೂಡ ಅವರ ಭಾಷೆಯಲ್ಲಿ ನಾಲ್ಕು ಮಾತಾಡಿದ, ಅಷ್ಟೇ. ಆಗ ಅವನಿಗೆ ತನ್ನ ಹಗುರದ ಗುಟ್ಟು ಹೊಳೆದು ನಾಚಿಕೆಯಾಯಿತು. ಆ ಭಾಷೆಯಲ್ಲಿ ಅವನಿಗೆ ಅಬ್ಬಿಗೇರಿ ಇರಲಿಲ್ಲ, ಚಾವಡಿ ಇರಲಿಲ್ಲ, ಫಕೀರವ್ವ ಇರಲಿಲ್ಲ. ತಪ್ಪು ಮಾಡಿದ್ದು ಒಂದು ಬಾಯಲ್ಲಿ, ಒಪ್ಪಿಕೊಂಡದ್ದು ಇನ್ನೊಂದು ಬಾಯಲ್ಲಿ. ಏನಂದ್ರಿ ಬಾಯಾರಿಗೆ ಎಂದು ದ್ಯಾಮಪ್ಪ ಕೇಳಿದ. ಏನಿಲ್ಲ ಎನ್ನಬಹುದಿತ್ತು. ಇನೆಸ್ ವರದಿಯಲ್ಲಿ ಹೊಳಿಯಪ್ಪನ ಹೆಸರು ಬರೆಯದೆ ಬಿಡುತ್ತಿದ್ದಳು, ಗುಡ್ಡದ ಕೆಳಗೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಕನಕಪ್ಪ ಇನ್ನೂ ಹಾಗೆ ಎಣಿಸುತ್ತಿರುವಾಗಲೇ ಅವನ ಬಾಯಿ ತೆರೆಯಿತು.

“ಅಬ್ಬಿಗೇರಿಯೊಳಗ ಗೌಡ್ರ ಅಳಿಯಂದು ಗಡಿಯಾರ ತಗೊಂಡಾವ ನಾ. ಹೊಳಿಯಪ್ಪ ಅಲ್ಲ. ಭೀಮವ್ವನ ವಿಭೂತಿ ಮುಟ್ಟಿ ಸುಳ್ಳು ಹೇಳೀನಿ. ಇವ ನನ್ನ ನೋಡಿದ್ದ, ಅದಕ್ಕs ಇವ ಮುಟ್ಟಲಿಲ್ಲ.”

ಬೈಯುತ್ತಾರೆ, ಹೊಡೆಯಲು ಬರುತ್ತಾರೆ ಎಂದು ಅವನು ಕಾದ. ಕಳವಿನ ಮಾತನ್ನು ಯಾರೂ ಎತ್ತಲೇ ಇಲ್ಲ. ಭೀಮವ್ವನ ಮ್ಯಾಲೆ ಸುಳ್ಳ ಆಣಿ ಎಂದು ದ್ಯಾಮಪ್ಪ ತನಗೆ ತಾನೇ ಅಂದುಕೊಂಡ; ತಾಟನ್ನು ಎತ್ತಿ ಎದೆಗೆ ಹಿಡಿದು ಕನಕಪ್ಪನಿಂದ ಎರಡು ಹೆಜ್ಜೆ ದೂರ ಸರಿದ. ಆ ಎರಡು ಹೆಜ್ಜೆ ಕನಕಪ್ಪನನ್ನು ಚುಚ್ಚಿದಷ್ಟು ಬೇರಾವ ಬೈಗುಳವೂ ಚುಚ್ಚಲಾರದು. ಗಿಡ್ಡ ಹೊಳಿಯಪ್ಪ, ಅಣಕಿಸಲು ಅಲ್ಲ, ಖರೇನೇ ತಿಳಿಯುವ ಆಸೆಯಿಂದ, ಮತ್ತ ನಿಮಗೇನೂ ಆಗಲಿಲ್ಲೇನ್ರಿ ಇಷ್ಟ ವರ್ಷ ಎಂದು ಕೇಳಿದ. ನೌಕರಿ ಸಿಕ್ಕಿತು, ಮನೆ ಕಟ್ಟಿದೆ, ಪರದೇಶದ ಭಾಷೆ ಕಲಿತೆ ಎಂದು ಹೇಳಬೇಕಾಗಿತ್ತು ಅವನು. ಆತು, ಭಾಳ ಆತು ಎಂದ. ಯಾರೂ ನಂಬಿದಂತೆ ಕಾಣಲಿಲ್ಲ.

ಇನೆಸ್ ಹೆಸರಿನ ಜಾಗವನ್ನು ಖಾಲಿ ಬಿಟ್ಟು ವರದಿ ಕಳಿಸಿದಳು. ಕೇಬಲ್ ಸಿಕ್ಕಿಲ್ಲ, ಯಾರ ಮೇಲೂ ಸಂಶಯವಿಲ್ಲ ಎಂದು ಬರೆದಿದ್ದೇನೆ, ಉಳಿದದ್ದನ್ನು ಊಟವಾದ ಮೇಲೆ ಮಾತಾಡೋಣ ಎಂದು ಕನಕಪ್ಪನಿಗೆ ಹೇಳಿ, ಅವನ ಮುಖ ನೋಡದೆ ಒಳಗೆ ಹೋದಳು. ಪಾಸು ಉಳಿಯಿತು ಎಂದು ತಿಳಿಸಲು ದ್ಯಾಮಪ್ಪ ಹೊಳಿಯಪ್ಪನ ಕಡೆ ತಿರುಗಿದ. ಅಷ್ಟರಲ್ಲಿ ಅವನು ಹಗ್ಗದ ರಾಶಿಯ ಬಳಿ ಹೋಗಿ, ಬೆನ್ನು ಹಾಕಿ ಕೂತು, ಗಂಟು ಬಿಡಿಸುತ್ತಿದ್ದ. ದ್ಯಾಮಪ್ಪ ಗಂಟಲು ಸರಿಮಾಡಿಕೊಂಡು, ಹೊಳಿಯಪ್ಪಾ ಎಂದು ಕರೆದ. ಬರೀ ಹೊಳಿಯಪ್ಪ. ಕೆಂಪನೂ ಗಿಡ್ಡನೂ ತಿರುಗಿ ನೋಡಿದರು, ಅವನು ನೋಡಲಿಲ್ಲ. ದ್ಯಾಮಪ್ಪ ಇನ್ನೊಮ್ಮೆ ಕರೆದ, ಮತ್ತೂ ಗಟ್ಟಿಯಾಗಿ ಮೂರನೆಯ ಸಲ ಕರೆದ. ಅವನು ಕೇಳದವನಂತೆ ನಟಿಸುತ್ತಿರಲಿಲ್ಲ, ಅದು ತನ್ನ ಹೆಸರೆಂದು ಅವನಿಗೆ ಹೊಳೆಯುತ್ತಲೇ ಇರಲಿಲ್ಲ. ಕೊನೆಗೆ ದ್ಯಾಮಪ್ಪ ಕನಕಪ್ಪನ ಕಡೆ ಒಮ್ಮೆ ನೋಡಿ, ಬೇರೆ ದಾರಿ ಕಾಣದೆ, ಹಳೆಯ ಹೆಸರಿನಿಂದಲೇ ಕೂಗಿದ. ಏನ್ರಿ ಎಂದು ಅವನು ತಟ್ಟನೆ ಎದ್ದು ನಿಂತ.

ಕನಕಪ್ಪ ಅವನ ಬಳಿ ಹೋದ. ಕಾಲು ಹಿಡಿಯಬೇಕೆಂದು ಬಂದವನು ಹಗ್ಗದ ಒಂದು ತುದಿ ಹಿಡಿದುಕೊಂಡು ನಿಂತ. ಸಂಜೆ ಅಬ್ಬಿಗೇರಿಗೆ ಬರುತ್ತೇನೆ, ಫಕೀರವ್ವನ ಎದುರು ಕೂತು ಎಲ್ಲ ಹೇಳುತ್ತೇನೆ, ಆಕೆ ಏನು ಅಂದರೂ ಅನ್ನಿಸಿಕೊಳ್ಳುತ್ತೇನೆ ಎಂದ. ಹೊಳಿಯಪ್ಪನ ಕೈ ಗಂಟಿನ ಮೇಲೆ ನಿಂತಿತು. ಬೆಳಗಿನಿಂದ ಮೊದಲ ಸಲ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಅವನು ಕನಕಪ್ಪನನ್ನು ನೇರವಾಗಿ ನೋಡಿದ. ಆ ಕಣ್ಣಲ್ಲಿ ಭಯವಿತ್ತು.

“ಬ್ಯಾಡೋ ಕನಕ್ಯಾ, ನಮ್ಮವ್ವಗ ಹೇಳಬ್ಯಾಡ. ಆಕಿ ನನ್ನ ಮಾಫ್ ಮಾಡಿ ಭಾಳ ವರ್ಷ ಆತು. ನಾ ಮಾಡೇ ಇಲ್ಲ ಅಂತ ಈಗ ಗೊತ್ತಾದ್ರ, ಮಗನ್ನ ಕಳ್ಳ ಅಂತ ನಂಬಿದ್ದಕ್ಕ ಆಕಿನ್ನ ಯಾರು ಮಾಫ್ ಮಾಡಬೇಕು?”

ಮೇಲಿನಿಂದ ಯಾರೋ ಹಗ್ಗ ಕಳಿಸಲು ಕೂಗಿದರು. ಹೊಳಿಯಪ್ಪ ಕನಕಪ್ಪನ ಕೈಯಿಂದ ತುದಿಯನ್ನು ಬಿಡಿಸಿಕೊಂಡು ಕೆಲಸಕ್ಕೆ ಹೋದ.